15 ಸೋಲು, 114 ವಿಕೆಟ್



ನಾನು ಅಂಕೋಲೆಯಲ್ಲಿ ಬೆಳೆದವನು, ಕಾರವಾರದಲ್ಲಿ ಬಿ.ಎಸ್ಸಿ. ಓದಿದವನು. ಕಾರವಾರದ ಕಡಲತಡಿಯಲ್ಲಿ ನಾವು ಕ್ರಿಕೆಟ್ ಆಡಬೇಕಾದರೆ ಮೊದಲು ತಿಥಿ ನೋಡಬೇಕಾಗುತ್ತಿತ್ತು. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಇಳಿತದ ಹೊತ್ತಿಗೆ ಸಮುದ್ರ ಬಹಳ ದೂರ ಹಿಂದೆ ಸರಿಯುತ್ತದೆ. ಆಗ ಹೊರಬರುವ ಒದ್ದೆ ಮರಳು ಸಿಮೆಂಟಿನಷ್ಟು ಗಟ್ಟಿ. ಅದೇ ನಮ್ಮ ಪಿಚ್. ನಮ್ಮ ನಿಯಮವೂ ಒಂದೇ: ಬ್ಯಾಟು ಯಾರದೋ ಅವನದೇ ಮೊದಲ ಬ್ಯಾಟಿಂಗ್.

ಅಲ್ಲಿಗೆ ಒಬ್ಬ ಹುಡುಗ ದಿನವೂ ಬರುತ್ತಿದ್ದ. ನೀರಿಗೆ ಹೋದ ಚೆಂಡನ್ನು ಅವನೇ ತರುತ್ತಿದ್ದ. ನಮಗೆಲ್ಲ ದಣಿವಿಲ್ಲದೆ ಬೌಲಿಂಗ್ ಮಾಡುತ್ತಿದ್ದ. ಅವನ ಕೈಗೆ ಬ್ಯಾಟು ಕೊಟ್ಟ ಒಂದು ದಿನವೂ ನನಗೆ ನೆನಪಾಗುವುದಿಲ್ಲ. ಆಗ ಅದು ನಮಗೆ ತಪ್ಪೆಂದೂ ಅನ್ನಿಸಲಿಲ್ಲ. ಬಹಳ ವರ್ಷಗಳ ನಂತರ, 1911ರ ಒಂದು ಕ್ರಿಕೆಟ್ ತಂಡದ ಕಥೆ ಓದುವಾಗ ಆ ಹುಡುಗ ನೆನಪಿಗೆ ಬಂದ. ಇಂದು ನಿಮಗೆ ಹೇಳಹೊರಟಿರುವುದು ಆ ತಂಡದ ಕಥೆಯನ್ನು.

ಅದಕ್ಕೆ ಮೊದಲು ಸ್ವಲ್ಪ ದೂರ ಹೋಗಿ ಬರೋಣ. ಆಟ ಆಡಿ ಸಂಬಳ ಪಡೆಯುವುದು ಇಂದು ಸಾಮಾನ್ಯ ಸಂಗತಿ. ಒಂದು ಕಾಲದಲ್ಲಿ ಅದು ಕೀಳು ಎನಿಸಿತ್ತು. ಅಮೆರಿಕದಲ್ಲಿ 1869ರಲ್ಲಿ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ ಎಂಬ ಬೇಸ್‌ಬಾಲ್ ತಂಡ ತನ್ನ ಎಲ್ಲ ಆಟಗಾರರಿಗೂ ಬಹಿರಂಗವಾಗಿ ಸಂಬಳ ಕೊಟ್ಟಿತು. ಅದರ ನಾಯಕ ಹ್ಯಾರಿ ರೈಟ್ ಇಂಗ್ಲೆಂಡಿನಲ್ಲಿ ಹುಟ್ಟಿದವರು; ಅವರ ತಂದೆ ಕ್ರಿಕೆಟ್ಟನ್ನೇ ವೃತ್ತಿಯಾಗಿ ಮಾಡಿಕೊಂಡವರು. ಆ ವರ್ಷ ಆ ತಂಡ ಒಂದು ಪಂದ್ಯವನ್ನೂ ಸೋಲಲಿಲ್ಲ. ಅಲ್ಲಿಂದ ಮುಂದೆ ವೃತ್ತಿಪರ ಆಟಕ್ಕೆ ಮಾನ ಬಂದಿತು.

ಇಂಗ್ಲೆಂಡಿನ ಕ್ರಿಕೆಟ್ಟಿನಲ್ಲಿ ಹಾಗಾಗಲಿಲ್ಲ. ಅಲ್ಲಿ ಹಣ ಪಡೆಯದೆ ಆಡುವವರು ‘ಜೆಂಟಲ್‌ಮನ್’, ಹಣ ಪಡೆದು ಆಡುವವರು ಬರಿಯ ‘ಪ್ಲೇಯರ್’. ಈ ಭೇದವನ್ನು ತೆಗೆದುಹಾಕಿದ್ದು 1962ರಲ್ಲಿ. ನಮ್ಮ ದೇಶದಲ್ಲಿ ಇದರ ಮೇಲೆ ಜಾತಿಯ ಭೇದವೂ ಸೇರಿಕೊಂಡಿತ್ತು. ಈ ಎರಡೂ ಗೋಡೆಗಳಿಗೆ ಎದುರಾಗಿ ನಿಂತವರು ಬಾಳೂ ಪಾಲವಣಕರ.

ಬಾಳೂ ಅವರು ಹುಟ್ಟಿದ್ದು 1876ರಲ್ಲಿ, ನಮ್ಮ ಧಾರವಾಡದಲ್ಲಿ. ಆಗ ಧಾರವಾಡ, ಕಾರವಾರ ಎರಡೂ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಚರ್ಮದ ಕೆಲಸದ್ದೆಂದು ಗುರುತಿಸಿ, ಅಸ್ಪೃಶ್ಯವೆಂದು ದೂರವಿಟ್ಟಿದ್ದ ಸಮುದಾಯ ಅವರದು. ಮುಂದೆ ಪುಣೆಯಲ್ಲಿ ಯುರೋಪಿಯನ್ನರ ಕ್ಲಬ್ಬೊಂದರಲ್ಲಿ ಅವರಿಗೆ ಕೆಲಸ ಸಿಕ್ಕಿತು. ರೋಲರ್ ಎಳೆಯುವುದು, ಗೆರೆ ಹಾಕುವುದು, ಬಲೆ ಕಟ್ಟುವುದು. ಸಂಬಳ ತಿಂಗಳಿಗೆ 4 ರೂಪಾಯಿ. ಇದರ ಜೊತೆಗೆ ಸಾಹೇಬರ ಅಭ್ಯಾಸಕ್ಕೆ ಬೌಲಿಂಗ್ ಮಾಡಬೇಕು. ಗ್ರೇಗ್ ಎಂಬ ಒಳ್ಳೆಯ ಬ್ಯಾಟುಗಾರ ತನ್ನನ್ನು ಔಟ್ ಮಾಡಿದಾಗಲೆಲ್ಲ 8 ಆಣೆ ಕೊಡುತ್ತಿದ್ದನಂತೆ. ಗಂಟೆಗಟ್ಟಲೆ, ವರ್ಷಗಟ್ಟಲೆ ಬೌಲಿಂಗ್ ಮಾಡಿದ ಬಾಳೂ ಅವರಿಗೆ ಅಲ್ಲಿ ಬ್ಯಾಟಿಂಗ್ ಮಾತ್ರ ಸಿಗಲಿಲ್ಲ.

ಅವರ ಎಡಗೈ ಸ್ಪಿನ್ನಿನ ಖ್ಯಾತಿ ಊರೊಳಗೆ ಹಬ್ಬಿತು. ಯುರೋಪಿಯನ್ನರನ್ನು ಸೋಲಿಸಬೇಕೆಂಬ ಹಂಬಲದಿಂದ ಪುಣೆಯ ಹಿಂದೂ ತಂಡ ಅವರನ್ನು ಸೇರಿಸಿಕೊಂಡಿತು. ಮೈದಾನದಲ್ಲಿ ಎಲ್ಲರೂ ಅವರು ಮುಟ್ಟಿದ ಚೆಂಡನ್ನೇ ಮುಟ್ಟುತ್ತಿದ್ದರು. ಚಹಾದ ವೇಳೆಗೆ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ, ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಚಹಾ. ಚೆಂಡಿಗೆ ಇಲ್ಲದ ಮೈಲಿಗೆ ಬಟ್ಟಲಿಗೆ ಎಲ್ಲಿಂದ ಬಂತು ಎಂದು ಯಾರೂ ಕೇಳಿಕೊಳ್ಳಲಿಲ್ಲ. 1906ರಲ್ಲಿ ಮುಂಬಯಿಯಲ್ಲಿ ಹಿಂದೂ ತಂಡ ಯುರೋಪಿಯನ್ನರ ತಂಡವನ್ನು 109 ರನ್ನುಗಳಿಂದ ಸೋಲಿಸಿತು. ಆ ಗೆಲುವಿನಲ್ಲಿ ಬಾಳೂ ಅವರ ಪಾಲು ಹಿರಿದು.

ಇನ್ನು 1911ರ ಆ ಋತುವಿಗೆ ಬರೋಣ. ಹಿಂದೂ, ಮುಸ್ಲಿಂ, ಪಾರಸಿ ಆಟಗಾರರನ್ನೆಲ್ಲ ಒಟ್ಟುಗೂಡಿಸಿದ ಮೊದಲ ಅಖಿಲ ಭಾರತ ತಂಡ ಆ ವರ್ಷ ಇಂಗ್ಲೆಂಡಿಗೆ ಹೊರಟಿತು. ನಾಯಕ ಪಟಿಯಾಲದ ಯುವ ಮಹಾರಾಜ ಭೂಪಿಂದರ್ ಸಿಂಗ್. ವಯಸ್ಸು ಇನ್ನೂ 19. ತಂಡದಲ್ಲಿ ಬೆಂಗಳೂರಿನ ಬಿ. ಜಯರಾಮ್ ಅವರಿದ್ದರು. 35 ವರ್ಷದ ಬಾಳೂ ಅವರೂ ಅವರ ತಮ್ಮ ಶಿವರಾಮರೂ ಇದ್ದರು. ಅದು ಐದನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕದ ವರ್ಷ. ಮಹಾರಾಜರಿಗೆ ಸಮಾರಂಭ, ಔತಣಗಳೇ ಹೆಚ್ಚಾಗಿ ಅವರು ಆಡಿದ್ದು ಕೆಲವೇ ಪಂದ್ಯ.

ಫಲಿತಾಂಶ ನೋಡಿ: ಒಟ್ಟು 23 ಪಂದ್ಯ. ಗೆಲುವು 6, ಸೋಲು 15, ಡ್ರಾ 2. ಪ್ರಥಮ ದರ್ಜೆಯ 14 ಪಂದ್ಯಗಳಲ್ಲಿ ಗೆದ್ದದ್ದು ಎರಡೇ. ಇಷ್ಟನ್ನೇ ನೋಡಿದರೆ ಇದು ಮರೆತುಬಿಡಬೇಕಾದ ಪ್ರವಾಸ. ಆದರೆ ವಿಜ್ಞಾನ ಓದಿದವರು ಮೊತ್ತವನ್ನಷ್ಟೇ ನೋಡಿ ಸುಮ್ಮನಾಗುವುದಿಲ್ಲ, ಅದರೊಳಗಿನ ಅಂಶಗಳನ್ನೂ ಬಿಡಿಸಿ ನೋಡುತ್ತಾರೆ. ಬಾಳೂ ಅವರು ಆ ಪ್ರವಾಸದಲ್ಲಿ ಪಡೆದ ವಿಕೆಟ್ಟುಗಳು 114. ಸರಾಸರಿ 18.84. ಅಂದರೆ ಪ್ರತಿ ವಿಕೆಟ್ಟಿಗೆ ಅವರು ಬಿಟ್ಟುಕೊಟ್ಟದ್ದು ಹತ್ತೊಂಬತ್ತಕ್ಕೂ ಕಡಿಮೆ ರನ್. ಪ್ರಥಮ ದರ್ಜೆಯ ಪಂದ್ಯಗಳಲ್ಲೇ 75 ವಿಕೆಟ್.

ಈ ಅಂಕಿಗಳ ತೂಕ ತಿಳಿಯಬೇಕಾದರೆ ಸ್ಪಿನ್ನಿನ ವಿಷಯ ಸ್ವಲ್ಪ ತಿಳಿದಿರಬೇಕು. ಗಿರಗಿರನೆ ತಿರುಗುತ್ತ ಹೋಗುವ ಚೆಂಡು ತನ್ನ ಸುತ್ತಲಿನ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಒಂದು ಪಕ್ಕದಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಕಡಿಮೆಯಾಗುತ್ತದೆ, ಇನ್ನೊಂದು ಪಕ್ಕದಲ್ಲಿ ಒತ್ತಡ ಹೆಚ್ಚುತ್ತದೆ. ಚೆಂಡು ಒತ್ತಡ ಕಡಿಮೆಯಾದ ಕಡೆಗೆ ಬಾಗುತ್ತದೆ. ಇದಕ್ಕೆ ಮ್ಯಾಗ್ನಸ್ ಪರಿಣಾಮ ಎಂದು ಹೆಸರು. ಬೇಸ್‌ಬಾಲಿನಲ್ಲಿ ಚೆಂಡು ವಕ್ರವಾಗಿ ಸಾಗುವುದೂ ಇದೇ ತತ್ತ್ವದಿಂದ. ಕ್ರಿಕೆಟ್ಟಿನಲ್ಲಿ ಇದರ ಮೇಲೆ ನೆಲವೂ ಪಾಲುದಾರ. ಚೆಂಡು ನೆಲವನ್ನು ಹಿಡಿದುಕೊಂಡು ತಿರುಗಬೇಕಾದರೆ ಪಿಚ್ ಮೆತ್ತಗಿರಬೇಕು, ಇಲ್ಲವೇ ಬಿರುಕು ಬಿಟ್ಟಿರಬೇಕು. ಮಳೆ ಬಂದು ಬಿಸಿಲು ಬಿದ್ದ ಇಂಗ್ಲೆಂಡಿನ ಪಿಚ್ ಸ್ಪಿನ್ನರನ ಪಾಲಿಗೆ ಹಬ್ಬ. ಆದರೆ 1911ರ ಬೇಸಿಗೆ ಇಂಗ್ಲೆಂಡಿನಲ್ಲಿ ಅಪರೂಪದ ಬಿಸಿಲಿನ ಬೇಸಿಗೆ. ಆಗಸ್ಟ್ 9ರಂದು ಉಷ್ಣತೆ 36 ಡಿಗ್ರಿ ದಾಟಿತ್ತು. ಮಳೆಯ ನೆರವು ಕಡಿಮೆಯಿದ್ದ ಅಂಥ ವರ್ಷದಲ್ಲಿ, ಸೋಲುವ ತಂಡದ ಪರವಾಗಿ ದಿನವಿಡೀ ಬೌಲಿಂಗ್ ಮಾಡಿ ಗಳಿಸಿದ ವಿಕೆಟ್ಟುಗಳು ಇವು.

ತಂಡ ಮೊದಲು ಗೆದ್ದ ಕೌಂಟಿ ಲೀಸ್ಟರ್‌ಷೈರ್, ಏಳು ವಿಕೆಟ್ಟುಗಳಿಂದ. ಬಳಿಕ ಸಾಮರ್ಸೆಟ್ ಎದುರು ಒಂದೇ ಒಂದು ವಿಕೆಟ್ಟಿನ ರೋಮಾಂಚಕ ಗೆಲುವು. ಆ ಪಂದ್ಯದಲ್ಲಿ ಶಿವರಾಮರು ಔಟಾಗದೆ 113 ರನ್ ಹೊಡೆದರು. ಅಣ್ಣ ಬಾಳೂ ಅವರದು 55. ಪುಣೆಯ ಕ್ಲಬ್ಬಿನಲ್ಲಿ ಬ್ಯಾಟು ಹಿಡಿಯಲು ಸಿಗದ ಕೈಯಿಂದ ಬಂದ 55 ರನ್ ಅದು ಎಂಬುದನ್ನು ಗಮನಿಸಿ.

ಮರಳಿ ಬಂದಾಗ ಮುಂಬಯಿಯಲ್ಲಿ ದಲಿತ ಸಮುದಾಯದವರು ಅವರನ್ನು ಸನ್ಮಾನಿಸಿದರು. ಆದರೆ ಹಿಂದೂ ತಂಡದ ನಾಯಕತ್ವ ಮಾತ್ರ ಅವರಿಗೆ ಸಿಗಲಿಲ್ಲ. 1913ರಲ್ಲಿ ನಾಯಕರಾದ ಎಂ. ಡಿ. ಪೈ ಅವರೇ, ಈ ಗೌರವ ಹಿರಿಯರೂ ಅನುಭವಿಗಳೂ ಆದ ಬಾಳೂ ಅವರಿಗೆ ಸಲ್ಲಬೇಕಾಗಿತ್ತು ಎಂದು ಬಹಿರಂಗವಾಗಿ ಹೇಳಿದರು. 1920ರಲ್ಲಿ ಈ ಅನ್ಯಾಯವನ್ನು ಪ್ರತಿಭಟಿಸಿ ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲ ಆಡಲು ನಿರಾಕರಿಸಿದರು. ಆಮೇಲೆ ಬಾಳೂ ಅವರಿಗೆ ಉಪನಾಯಕನ ಸ್ಥಾನ ದೊರೆಯಿತು. 1923ರಲ್ಲಿ ವಿಠ್ಠಲರೇ ನಾಯಕರಾಗಿ ಹಿಂದೂ ತಂಡಕ್ಕೆ ಪ್ರಶಸ್ತಿ ತಂದುಕೊಟ್ಟರು. ಅಣ್ಣನಿಗೆ ತೆರೆಯದ ಬಾಗಿಲು ತಮ್ಮನಿಗೆ ತೆರೆಯಿತು.

ಇಂಥ ಬಾಗಿಲು ಮುಚ್ಚಿದ್ದು ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದ ಟೊಲೆಡೊ ತಂಡದಲ್ಲಿ 1884ರಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಎಂಬ ಕರಿಯ ಆಟಗಾರ ಮೇಜರ್ ಲೀಗ್ ಬೇಸ್‌ಬಾಲ್ ಆಡಿದ್ದರು. ಬಳಿಕ ಕರಿಯರಿಗೆ ಆ ಬಾಗಿಲು ಮುಚ್ಚಿತು. 1947ರಲ್ಲಿ ಜ್ಯಾಕಿ ರಾಬಿನ್ಸನ್ ಬರುವವರೆಗೂ ಅದು ತೆರೆಯಲಿಲ್ಲ.

ಬಾಳೂ ಅವರು ಮುಂದೆ ಸಾರ್ವಜನಿಕ ಜೀವನಕ್ಕೂ ಬಂದರು. 1937ರ ಚುನಾವಣೆಯಲ್ಲಿ ಡಾ. ಅಂಬೇಡ್ಕರ್ ಅವರ ಎದುರು ಸ್ಪರ್ಧಿಸಿ ಸೋತರು. ಇಬ್ಬರ ದಾರಿ ಬೇರೆಯಾಗಿತ್ತು. ಆದರೆ ಇಬ್ಬರೂ ಎದುರಿಸಿದ ಗೋಡೆ ಒಂದೇ. 1955ರಲ್ಲಿ ಬಾಳೂ ಅವರು ತೀರಿಕೊಂಡರು.

ಇತ್ತೀಚೆಗೆ ಒಂದು ಚಿತ್ರೀಕರಣಕ್ಕಾಗಿ ಕಾರವಾರಕ್ಕೂ ಅಂಕೋಲೆಗೂ ಹೋಗಿದ್ದೆ. ಸಂಜೆ ಇಳಿತದ ಮರಳಿನ ಮೇಲೆ ಮಕ್ಕಳು ಆಡುತ್ತಿದ್ದರು. ಸ್ವಲ್ಪ ಹೊತ್ತು ನಿಂತು ನೋಡಿದೆ. ರನ್ನಿನ ಲೆಕ್ಕ ನನಗೆ ಬೇಕಿರಲಿಲ್ಲ. ಚೆಂಡು ಹೆಕ್ಕುವ ಹುಡುಗನ ಸರದಿ ಬರುತ್ತದೆಯೇ ಎಂದಷ್ಟೇ ಕಾಯುತ್ತಿದ್ದೆ. ಬಂತು. ಮೊದಲ ಚೆಂಡಿಗೇ ಔಟಾದ. ಎಲ್ಲರೂ ನಕ್ಕರು, ಅವನೂ ನಕ್ಕ.

ಮಿತ್ರರೇ, ನಾಳೆ ನೀವು ಮೈದಾನಕ್ಕಿಳಿದಾಗ ಒಮ್ಮೆ ಸುತ್ತಲೂ ನೋಡಿ. ರೋಲರ್ ಎಳೆಯುತ್ತಿರುವವರು ಯಾರು? ಬರೀ ಬೌಲಿಂಗ್ ಮಾಡುತ್ತಿರುವವರು ಯಾರು? ಒಂದು ಸಲ ಬ್ಯಾಟನ್ನು ಅವರ ಕೈಗೂ ಕೊಡಿ.