65ಕ್ಕೆ ಗೊತ್ತಾಗೋ ಹುಟ್ಟುತೂತು: ‘ವಯಸ್ಸಾಯ್ತು, ಬಿಡಿ’ ಅನ್ನೋ ಮುಂಚೆ

ಇವತ್ತಿನ ವಿಷಯ ನಿಮ್ಮ ಬಗ್ಗೆ ಅಲ್ಲ, ನಿಮ್ಮ ಮನೆಯ ಹಿರಿಯರ ಬಗ್ಗೆ. ಆದರೆ ಅವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋದು, ರಿಪೋರ್ಟ್ ಓದೋದು ಸಾಮಾನ್ಯವಾಗಿ ನೀವೇ. ಅದಕ್ಕೇ ಕೇಳಿ.

ಅಜ್ಜಿ ಒಂದು ಮಹಡಿ ಹತ್ತಿ ಏದುಸಿರು ಬಿಡ್ತಾರೆ. ಸಂಜೆಗೆ ಕಾಲು ಊದತ್ತೆ. ಆಗಾಗ ಎದೆ ಡವಡವ. ಮನೆಯವರು ‘ವಯಸ್ಸಾಯ್ತಲ್ಲ’ ಅಂತಾರೆ. ಇಲ್ಲಾ ಅಸ್ತಮಾ, ಇಲ್ಲಾ ರಕ್ತ ಕಮ್ಮಿ. ಕೊನೆಗೊಂದು ದಿನ ಎಕೋ ಮಾಡಿದ ವೈದ್ಯರು ಹೇಳ್ತಾರೆ: ಹೃದಯದಲ್ಲಿ ತೂತಿದೆ, ಹುಟ್ಟಿನಿಂದ್ಲೇ ಇದೆ.

ಇಷ್ಟು ವರ್ಷ ಅದು ಗೊತ್ತಾಗದೆ ಇದ್ದದ್ದು ಹೇಗೆ?

ಹಿರಿಯರಲ್ಲಿ ಹೀಗೆ ತಡವಾಗಿ ಪತ್ತೆಯಾಗುವ ಹುಟ್ಟುದೋಷಗಳಲ್ಲಿ ಮುಖ್ಯವಾದದ್ದು ಎಎಸ್‌ಡಿ. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿರುವ ತೂತು. ಎಡಗಡೆಯ ರಕ್ತ ಸ್ವಲ್ಪ ಸ್ವಲ್ಪವೇ ಬಲಗಡೆಗೆ ಸೋರುತ್ತೆ. ಅಲ್ಲಿ ಒತ್ತಡ ಕಡಿಮೆ, ಹಾಗಾಗಿ ಸ್ಟೆತಾಸ್ಕೋಪಿಗೂ ದೊಡ್ಡ ಸದ್ದು ಕೇಳಿಸಲ್ಲ. ಓಡಾಡ್ತಾರೆ, ಗದ್ದೆ ಕೆಲಸ ಮಾಡ್ತಾರೆ, ಮಕ್ಕಳನ್ನ ಹೆರ್ತಾರೆ. ವಯಸ್ಸಾಗ್ತಾ, ಅದರಲ್ಲೂ ಬಿಪಿ ಇದ್ದರೆ, ಹೃದಯದ ಎಡಭಾಗ ಗಡುಸಾಗುತ್ತದೆ. ಆಗ ಸೋರಿಕೆ ಹೆಚ್ಚುತ್ತದೆ. ಬಲಭಾಗ ಹಿಗ್ಗುತ್ತದೆ, ಬಡಿತ ತಾಳ ತಪ್ಪುತ್ತದೆ.

ಇನ್ನೊಂದು ಲೆಕ್ಕ ನೋಡಿ. ಅಮೆರಿಕದ ಮಿನೆಸೋಟಾದಲ್ಲಿ ಸರ್ಜನ್ ಜಾನ್ ಲೂಯಿಸ್, ಐದು ವರ್ಷದ ಹುಡುಗಿಯೊಬ್ಬಳ ಮೈಯನ್ನು ತಂಪು ಮಾಡಿ, ಹೃದಯ ತೆರೆದು ಇಂಥ ತೂತನ್ನು ಹೊಲಿದದ್ದು 1952ರಲ್ಲಿ. ಸ್ವೀಡನ್ನಿನಲ್ಲಿ ಶಬ್ದತರಂಗದಿಂದ ಹೃದಯವನ್ನು ನೋಡಲು ಶುರುಮಾಡಿದ್ದು 1953ರಲ್ಲಿ. ಅಂದರೆ ಇವತ್ತು 75 ದಾಟಿದವರು ಹುಟ್ಟಿದಾಗ ಇವೆರಡೂ ಇರಲೇ ಇಲ್ಲ. ಆಗ ಪತ್ತೆಯಾಗದೆ ಹೋಗಿದ್ದಕ್ಕೆ ಯಾರನ್ನೂ ದೂರಬೇಕಾಗಿಲ್ಲ.

ಈಗ ನಿಜವಾದ ಪ್ರಶ್ನೆ. ಈ ವಯಸ್ಸಲ್ಲಿ ಮುಚ್ಚಿಸಬೇಕಾ?

ಹಿಂದೆ ಎದೆ ತೆರೆಯೋದೊಂದೇ ದಾರಿ ಇತ್ತು. ಈಗ ತೂತು ಗೋಡೆಯ ಮಧ್ಯಭಾಗದಲ್ಲಿದ್ದು, ಸುತ್ತ ಸಾಕಷ್ಟು ಅಂಚು ಇದ್ದರೆ, ತೊಡೆಸಂದಿನ ರಕ್ತನಾಳದಿಂದ ಸಣ್ಣ ಕೊಳವೆ ಕಳಿಸಿ ಮುಚ್ಚಬಹುದು. ಮುಚ್ಚೋ ಸಾಧನ ಎರಡು ಪುಟ್ಟ ಬಿಲ್ಲೆಗಳ ಥರ. ಗೋಡೆಯ ಆಚೆಗೊಂದು, ಈಚೆಗೊಂದು ಬಿಚ್ಚಿಕೊಂಡು ಕಚ್ಚಿ ಕೂರತ್ತೆ. ತೊಂದರೆ ಇಲ್ಲದಿದ್ದರೆ ಒಂದೆರಡು ದಿನದಲ್ಲಿ ಮನೆಗೆ. ಅರವತ್ತು ದಾಟಿದವರಲ್ಲೂ ಹಿಗ್ಗಿದ ಬಲಭಾಗ ಕುಗ್ಗಿದ್ದು, ಏದುಸಿರು ಕಮ್ಮಿಯಾಗಿದ್ದು ಕಂಡುಬಂದಿದೆ. ಹಾಗಾಗಿ ಬರೀ ವಯಸ್ಸು ನೋಡಿ ‘ಬೇಡ’ ಅನ್ನೋದು ಸರಿಯಲ್ಲ.

ಹಾಗಂತ ‘ತೂತಿದೆ, ಮುಚ್ಚಿಬಿಡಿ’ ಅನ್ನೋದೂ ಸರಿಯಲ್ಲ. ಇದಕ್ಕೆ ಎರಡು ಕಾರಣ.

ಒಂದು, ಶ್ವಾಸಕೋಶದ ಒತ್ತಡ. ವರ್ಷಗಟ್ಟಲೆ ಹೆಚ್ಚು ರಕ್ತ ನುಗ್ಗಿ ಅಲ್ಲಿನ ರಕ್ತನಾಳಗಳು ಗಟ್ಟಿಯಾಗಿದ್ದರೆ, ಒತ್ತಡ ತೀರಾ ಏರಿ ಸೋರಿಕೆಯ ದಿಕ್ಕೇ ತಿರುಗಬಹುದು. ಆ ಹಂತದಲ್ಲಿ ಮುಚ್ಚಿದರೆ ಜೀವಕ್ಕೇ ಅಪಾಯ. ಔಷಧವೇ ದಾರಿ.

ಎರಡು, ಗಡುಸಾದ ಎಡಭಾಗ. ಪ್ರೆಶರ್ ಕುಕ್ಕರ್ ನೆನಪಿಸಿಕೊಳ್ಳಿ. ಕೆಲವು ಹಿರಿಯರಲ್ಲಿ ಈ ತೂತು ವಿಸಿಲ್ ಥರ ಎಡಗಡೆಯ ಒತ್ತಡವನ್ನು ಹೊರಬಿಡ್ತಾ ಇರತ್ತೆ. ಅದನ್ನ ಏಕಾಏಕಿ ಮುಚ್ಚಿದರೆ ಒತ್ತಡ ಹಿಂದಕ್ಕೆ ಹೋಗಿ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಅದಕ್ಕೇ ಅನುಮಾನ ಇದ್ದಾಗ ವೈದ್ಯರು ಬಲೂನಿನಿಂದ ತೂತನ್ನು ಸ್ವಲ್ಪ ಹೊತ್ತು ಮುಚ್ಚಿ ಒತ್ತಡ ಅಳೀತಾರೆ. ಏರಿದರೆ, ಮೂತ್ರ ಹೆಚ್ಚಿಸುವ ಮಾತ್ರೆ ಕೊಟ್ಟು ಹೃದಯವನ್ನು ಹದಮಾಡಿ ಆಮೇಲೆ ಮುಚ್ತಾರೆ. ಇಲ್ಲಾ ಸಾಧನದಲ್ಲೇ ಒಂದು ಪುಟ್ಟ ಕಿಂಡಿ ಉಳಿಸ್ತಾರೆ. ಕೆಲವರಿಗೆ ಮುಚ್ಚದೆ ಬಿಡೋದೇ ಒಳ್ಳೇದು.

ಇನ್ನೊಂದು ಮಾತು. ಬಡಿತ ತಾಳ ತಪ್ಪಿದ್ದರೆ, ತೂತು ಮುಚ್ಚಿದ ಮಾತ್ರಕ್ಕೆ ಅದು ಸರಿಹೋಗತ್ತೆ ಅಂತಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನ ‘ಆಪರೇಷನ್ ಆಯ್ತಲ್ಲ’ ಅಂತ ನೀವಾಗಿಯೇ ನಿಲ್ಲಿಸಬೇಡಿ. ಪಾರ್ಶ್ವವಾಯುವಿನ ಭಯ ಇರೋದು ಅಲ್ಲೇ.

ಹಾಗಾದ್ರೆ ಏನು ಮಾಡಬೇಕು? ಏದುಸಿರಿಗೆ ಕಾರಣ ಗೊತ್ತಾಗದಿದ್ದರೆ ಇಸಿಜಿ, ಎಕೋ ಬಗ್ಗೆ ಕೇಳಿ. ತೂತು ಕಂಡರೆ ಫೋನಲ್ಲಿ ಈ ನಾಲ್ಕು ಪ್ರಶ್ನೆ ಬರ್ಕೊಳ್ಳಿ: ತೂತು ಎಲ್ಲಿದೆ, ಎಷ್ಟು ದೊಡ್ಡದು? ಬಲಭಾಗ ಹಿಗ್ಗಿದೆಯಾ? ಶ್ವಾಸಕೋಶದ ಒತ್ತಡ ಎಷ್ಟು? ಎಡಭಾಗ ಮುಚ್ಚೋದನ್ನ ತಡ್ಕೊಳ್ಳತ್ತಾ? ವಯಸ್ಕರ ಹುಟ್ಟುದೋಷಗಳನ್ನು ನೋಡಿ ಅನುಭವ ಇರುವ ತಂಡವನ್ನೇ ಹುಡುಕಿ. ಸರ್ಕಾರಿ ವ್ಯವಸ್ಥೆಯಲ್ಲಿ ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿದೆ. ಹೋಗುವಾಗ ಹಳೇ ರಿಪೋರ್ಟ್, ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ.

ಕೊನೆಗೆ, ಅಜ್ಜಿಯನ್ನೇ ಕೇಳಿ. ಅವರಿಗೆ ಮತ್ತೆ ದೇವಸ್ಥಾನದ ಮೆಟ್ಟಿಲು ಹತ್ತಬೇಕಾ, ಇಲ್ಲಾ ಇಷ್ಟೇ ಸಾಕಾ? ವೈದ್ಯರು ಒತ್ತಡ ಅಳೀತಾರೆ. ಅವರ ಆಸೆಯನ್ನ ವೈದ್ಯರ ಮುಂದೆ ಇಡಬೇಕಾದವರು ಮನೆಯವರು. ಮುಂದಿನ ಕಂತಲ್ಲಿ ಸಿಗೋಣ. ಇದನ್ನ ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿ.