ರೋಗಾಣುವಿನ ಹೊರಪೊರೆ ಮತ್ತು ನಮ್ಮ ಔಷಧದ ಪ್ರಶ್ನೆ

(ಪಕ್ಷದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಗಾಯ ಕೀವಾದರೆ, ಬಾಣಂತಿಗೆ ಜ್ವರ ಬಂದರೆ ನಾವು ನಂಬುವುದು ಆಂಟಿಬಯಾಟಿಕ್ ಔಷಧಗಳನ್ನು. ಆ ನಂಬಿಕೆ ಇಂದು ಸಡಿಲವಾಗುತ್ತಿದೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ತಜ್ಞರ ಅಂದಾಜು. ಈ. ಕೋಲಿ, ಕ್ಲೆಬ್ಸಿಯೆಲ್ಲಾ ಮೊದಲಾದ ಎರಡು ಪೊರೆಯ ರೋಗಾಣುಗಳು ಇವುಗಳಲ್ಲಿ ಬಹಳ ಹಟಮಾರಿ.

ಇವುಗಳ ಹೊರಪೊರೆ ಅನೇಕ ಔಷಧಗಳನ್ನು ಒಳಗೆ ಬಿಡುವುದಿಲ್ಲ. ಆದರೆ ರೋಗಾಣುವಿಗೂ ಆಹಾರ ಬೇಕಷ್ಟೆ. ಅದಕ್ಕಾಗಿ ಪೊರೆಯಲ್ಲಿ ಪ್ರೋಟೀನಿನ ಸಣ್ಣ ದ್ವಾರಗಳಿವೆ; ಆಕಾರದಲ್ಲಿ ಪೀಪಾಯಿಯಂತೆ. ಅವುಗಳ ಪ್ರೋಟೀನು ತಯಾರಾಗುವುದು ರೋಗಾಣುವಿನ ಒಡಲಲ್ಲಿ. ನೂಲಿನ ಎಳೆಯಂತಿರುವ ಅದನ್ನು ಬೇರೆ ಪ್ರೋಟೀನುಗಳು ಗಂಟಾಗದಂತೆ ಹಿಡಿದು ಹೊರಪೊರೆಗೆ ತಲಪಿಸುತ್ತವೆ. ಅಲ್ಲಿ 'ಬ್ಯಾಮ್' ಎಂಬ ಯಂತ್ರವಿದೆ. ಈ. ಕೋಲಿಯಲ್ಲಿ ಅದಕ್ಕೆ 5 ಭಾಗಗಳು. ಮುಖ್ಯ ಭಾಗವಾದ ಬ್ಯಾಮ್-ಎ ತಾನೂ ಒಂದು ಪೀಪಾಯಿಯೇ. ಅದರ ಒಂದು ಪಕ್ಕದ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಹೊಸ ಎಳೆಯ ತುದಿ ಅಲ್ಲಿ ಕೂಡಿಕೊಂಡು, ಪಟ್ಟಿಯ ಪಕ್ಕಕ್ಕೆ ಪಟ್ಟಿ ಸೇರುತ್ತ, ಕೊನೆಗೆ ಸುತ್ತಿಕೊಂಡು ಬೇರೆ ಪೀಪಾಯಿಯಾಗಿ ಪೊರೆಯಲ್ಲಿ ನೆಲೆಸುತ್ತದೆ. ಈ ಯಂತ್ರ ನಿಂತರೆ ರೋಗಾಣು ಬದುಕದು. ಅದು ಹೊರಪೊರೆಯಲ್ಲೇ ಇರುವುದರಿಂದ ಔಷಧವು ಪೊರೆಯನ್ನು ದಾಟಬೇಕಾಗಿಯೂ ಇಲ್ಲ.

2019ರಲ್ಲಿ ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಕಿಮ್ ಲೂಯಿಸ್ ಮತ್ತು ಸಂಗಡಿಗರು ಡಾರೋಬ್ಯಾಕ್ಟಿನ್ ಎಂಬ ವಸ್ತುವನ್ನು ಕಂಡುಹಿಡಿದುದಾಗಿ ಪ್ರಕಟಿಸಿದರು. ಕೀಟಗಳನ್ನು ಕೊಲ್ಲುವ ಒಂದು ಬಗೆಯ ಸಣ್ಣ ಹುಳುವಿನ ಕರುಳಲ್ಲಿ ವಾಸಿಸುವ ಬ್ಯಾಕ್ಟೀರಿಯಾ ಅದನ್ನು ತಯಾರಿಸುತ್ತದೆ. ಅದು ಹೊಸ ಎಳೆಯ ವೇಷದಲ್ಲಿ ಬಂದು ಬ್ಯಾಮ್-ಎ ಹೊಲಿಗೆಯ ಜಾಗದಲ್ಲಿ ಕೂತು ಕೆಲಸ ಕೆಡಿಸುತ್ತದೆ. ಇಲಿಗಳಲ್ಲಿ ಅದು ಸೋಂಕನ್ನು ವಾಸಿಮಾಡಿತು.

ಇಲಿಯಿಂದ ಮನುಷ್ಯನವರೆಗಿನ ದಾರಿ ಉದ್ದ, ಖರ್ಚು ಅಪಾರ. ಅದನ್ನು ಹೊರುವವರು ಯಾರು? ಇಲ್ಲಿರುವ ವ್ಯಾಪಾರಿ ಮಿತ್ರರಿಗೆ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆಗೆ ಜೀವಮಾನವಿಡೀ ಗಿರಾಕಿಯುಂಟು. ಆಂಟಿಬಯಾಟಿಕ್ಕಿಗೆ ಕೆಲವೇ ದಿನ. ಹೊಸ ಔಷಧವನ್ನಂತೂ ಕೊನೆಯ ಅಸ್ತ್ರವಾಗಿ ಕಾದಿಡಬೇಕು. ಇಂಥ ರೋಗಾಣುಗಳಿಗೆಂದೇ ಅಮೆರಿಕದ ಅಕಾಯೋಜೆನ್ ಕಂಪನಿ ತಯಾರಿಸಿದ ಪ್ಲಾಜೋಮೈಸಿನ್ ಎಂಬ ಬೇರೊಂದು ಔಷಧಕ್ಕೆ 2018ರ ಜೂನ್‌ನಲ್ಲಿ ಮಂಜೂರಾತಿ ಸಿಕ್ಕಿತು. 2019ರ ಏಪ್ರಿಲ್‌ನಲ್ಲಿ ಕಂಪನಿ ದಿವಾಳಿಯಾಯಿತು. ಔಷಧ ಕೆಲಸ ಮಾಡುತ್ತಿತ್ತು, ಮಾರಾಟ ಸಾಲಲಿಲ್ಲ.

ಜನರ ಪ್ರಾಣವನ್ನು ಈ ಲಾಭದ ತಕ್ಕಡಿಯಲ್ಲಿ ಬಿಡಲಾಗದು. 1954ರಲ್ಲಿ ನಮ್ಮ ದೇಶ ಪೆನಿಸಿಲಿನ್ನಿಗಾಗಿ ಪಿಂಪ್ರಿಯಲ್ಲಿ ಸಾರ್ವಜನಿಕ ಹಣದಿಂದ ಹಿಂದೂಸ್ತಾನ್ ಆಂಟಿಬಯಾಟಿಕ್ಸನ್ನು ಸ್ಥಾಪಿಸಿತು. ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ಫೂ ಅದಕ್ಕೆ ನೆರವಾದವು. ಹೊಸ ಔಷಧಗಳ ಸಂಶೋಧನೆಗೂ ತಯಾರಿಕೆಗೂ ಅದೇ ಸಂಕಲ್ಪ ಬೇಕೆಂದು ನಾವು ಒತ್ತಾಯಿಸಬೇಕು. ಜೊತೆಗೆ ನಮ್ಮ ಪಾಲಿನ ಕೆಲಸವೂ ಉಂಟು: ವೈದ್ಯರ ಚೀಟಿಯಿಲ್ಲದೆ ಆಂಟಿಬಯಾಟಿಕ್ ಕೊಳ್ಳುವುದು ಬೇಡ, ಮಾರುವುದೂ ಬೇಡ. ಇರುವ ಔಷಧವನ್ನು ಕಾಪಾಡಿಕೊಂಡೇ ಹೊಸದನ್ನು ಕೇಳೋಣ.