ತರಬೇತಿ ವಿಮಾನ ಅಪಘಾತಗಳ ತನಿಖೆ: ಗುಟ್ಟಾಗಿರಬೇಕಾದದ್ದು ಯಾವುದು?

ಸೇನೆಯ ತರಬೇತಿ ವಿಮಾನ ಬಿದ್ದ ಮೇಲೆ ನಡೆಯುವ ತನಿಖೆಯಲ್ಲಿ ಗೋಪ್ಯತೆ ಎರಡು ಬಗೆಯದು. ಬದುಕುಳಿದ ಪೈಲಟ್, ವಿಮಾನ ಸಿದ್ಧಪಡಿಸಿದ ತಂತ್ರಜ್ಞ, ರೇಡಿಯೊ ಕೇಳುತ್ತಿದ್ದ ಅಧಿಕಾರಿ ಅಂಜದೆ ಬಾಯಿಬಿಡಲೆಂದು ಅವರ ಹೇಳಿಕೆಗೆ ಕೊಡುವ ರಕ್ಷಣೆ ಒಂದು. ಎಂಜಿನ್ ಏಕೆ ನಿಂತಿತು, ಯಾವ ಭಾಗ ಮುರಿಯಿತು ಎಂಬ ಸಂಗತಿಗಳನ್ನೇ ಮುಚ್ಚಿಡುವುದು ಇನ್ನೊಂದು. ಮೊದಲನೆಯದಿಲ್ಲದೆ ತನಿಖೆ ಸಾಗದು. ಎರಡನೆಯದಕ್ಕೆ ತರಬೇತಿ ವಿಮಾನದ ಮಟ್ಟಿಗೆ ಆಧಾರ ಸಿಗುವುದು ಅಪರೂಪ. ಭಾರತದಲ್ಲಿ ಇವೆರಡೂ ಒಂದೇ ಕಡತಕ್ಕೆ ಸೇರಿಹೋದವು. ಈ ಕ್ಷೇತ್ರ ದಾರಿ ತಪ್ಪಿದ್ದು ಅಲ್ಲಿಯೇ.

ವಾಯುಪಡೆಯ ಕೋರ್ಟ್ ಆಫ್ ಎನ್‌ಕ್ವೈರಿ ಕಾರಣವನ್ನೂ ಹುಡುಕಬೇಕು, ಹೊಣೆಯನ್ನೂ ಗೊತ್ತುಮಾಡಬೇಕು. ಅದರ ವರದಿ ಪ್ರಕಟವಾಗುವ ರೂಢಿಯಿಲ್ಲ. ಮಾಹಿತಿ ಹಕ್ಕು ಕಾಯ್ದೆ, 2005ರ 8(1)(ಎ) ದೇಶದ ಭದ್ರತೆಗೆ ಧಕ್ಕೆ ತರುವ ಮಾಹಿತಿಗೆ ವಿನಾಯಿತಿ ಕೊಡುತ್ತದೆ. ಇಪ್ಪತ್ತು ವರ್ಷ ಕಳೆದ ಘಟನೆಗಳಿಗೆ ಹೆಚ್ಚಿನ ವಿನಾಯಿತಿಗಳು 8(3)ರ ಪ್ರಕಾರ ಬಿದ್ದುಹೋಗುತ್ತವೆ, ಆದರೆ (ಎ) ಸೇರಿದಂತೆ ಕೆಲವು ಖಂಡಗಳು ಉಳಿದುಕೊಳ್ಳುತ್ತವೆ. ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದೆಂದು 8(2) ಹೇಳುತ್ತದೆ, ನಿಜ. ಅದನ್ನು ಸಾಧಿಸಿ ತೋರಿಸುವ ಭಾರ ಮಾತ್ರ ಮಗನನ್ನೋ ಮಗಳನ್ನೋ ಕಳೆದುಕೊಂಡ ಮನೆಯವರ ಹೆಗಲಿಗೆ ಬೀಳುತ್ತದೆ.

ಎಚ್‌ಪಿಟಿ-32 ದೀಪಕ್ ಇದಕ್ಕೆ ತಕ್ಕ ನಿದರ್ಶನ. ಎಚ್‌ಎಎಲ್ ರೂಪಿಸಿದ, ಪಿಸ್ಟನ್ ಎಂಜಿನ್ನಿನ, ಶಿಕ್ಷಕ ಮತ್ತು ಶಿಕ್ಷಾರ್ಥಿ ಪಕ್ಕಪಕ್ಕದಲ್ಲಿ ಕೂರುತ್ತಿದ್ದ ಈ ವಿಮಾನದಲ್ಲಿ ಎಜೆಕ್ಷನ್ ಸೀಟ್ ಇರಲಿಲ್ಲ. ಹದಿನೇಳು ಅಪಘಾತಗಳಲ್ಲಿ 19 ಪೈಲಟ್‌ಗಳು ಸತ್ತರು. 2009ರ ಜುಲೈನಲ್ಲಿ ಇಬ್ಬರು ಶಿಕ್ಷಕರು ಮಡಿದ ಮೇಲೆ ಇಡೀ ಪಡೆ ನೆಲಕ್ಕಿಳಿಯಿತು. ಹಾರಾಟದಲ್ಲೇ ಎಂಜಿನ್ ನಿಂತುಹೋಗುವ ತೊಂದರೆ ಅದಕ್ಕಿತ್ತು. ತನಿಖೆಯ ಫಲ ಕಡತದಲ್ಲೇ ಉಳಿದರೆ ನಷ್ಟ ಎಲ್ಲರದು. ಅಂಥ ವಿಮಾನದ ಎಂಜಿನ್ ನಿಂತ ಕಾರಣ ತಿಳಿದು ಶತ್ರುವಿಗೆ ಆಗುವ ಲಾಭವೇನು?

ಭದ್ರತೆಯ ಹೆಸರಿನಲ್ಲಿ ವರದಿಯನ್ನು ತಡೆಹಿಡಿದ ಪ್ರಸಿದ್ಧ ಪ್ರಕರಣ ಅಮೆರಿಕದ್ದು. 1948ರ ಅಕ್ಟೋಬರ್ 6ರಂದು ಜಾರ್ಜಿಯಾದ ವೇಕ್ರಾಸ್ ಬಳಿ ಬಿ-29 ವಿಮಾನ ಬಿತ್ತು. ಸತ್ತವರಲ್ಲಿ ಮೂವರು ನಾಗರಿಕರ ಪತ್ನಿಯರು ಅಪಘಾತದ ವರದಿ ಕೇಳಿದರು. 1953ರಲ್ಲಿ, ರೆನಾಲ್ಡ್ಸ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಆ ವರದಿಯನ್ನು ತೆರೆದು ನೋಡದೆಯೇ ಸರ್ಕಾರದ ವಾದವನ್ನು ಒಪ್ಪಿತು. ದಶಕಗಳ ಬಳಿಕ, ಸತ್ತವರೊಬ್ಬರ ಮಗಳ ಕೈಗೆ ಆ ಕಾಗದಗಳು ಸಿಕ್ಕವು. ರಹಸ್ಯ ಉಪಕರಣದ ವಿವರ ಅವುಗಳಲ್ಲಿ ಇರಲಿಲ್ಲ. ಎಂಜಿನ್‌ಗೆ ಬೆಂಕಿ ಬಿದ್ದದ್ದು, ಶಾಖ ತಡೆಯುವ ಕವಚವನ್ನು ಅಳವಡಿಸದೆ ಹೋದದ್ದು ಇತ್ತು.

ಅದೇ ಅಮೆರಿಕ ಮುಂದೆ ಎರಡು ಗೋಪ್ಯತೆಗಳನ್ನು ಬೇರ್ಪಡಿಸಿತು. ಸುರಕ್ಷತಾ ತನಿಖೆಗೆ ಗೋಪ್ಯತೆಯ ಭರವಸೆ ಪಡೆದು ಕೊಟ್ಟ ಹೇಳಿಕೆಗಳಿಗೆ ರಕ್ಷಣೆಯಿದೆ. ವೆಬರ್ ಪ್ರಕರಣದಲ್ಲಿ, 1984ರಲ್ಲಿ, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಸಂಗತಿಗಳು ಇನ್ನೊಂದು ಮಂಡಳಿಗೆ ಹೋಗಿ ಆ ವರದಿ ಪ್ರಕಟವಾಗುತ್ತದೆ. ಬ್ರಿಟನ್ನಿನ ರೆಡ್ ಆರೋಸ್ ತಂಡದ ಹಾಕ್ ವಿಮಾನದಲ್ಲಿ 2011ರ ನವೆಂಬರ್ 8ರಂದು ಎಜೆಕ್ಷನ್ ಸೀಟ್ ನೆಲದ ಮೇಲೆಯೇ ಸಿಡಿದು, ಬೋಲ್ಟ್ ಅತಿಯಾಗಿ ಬಿಗಿದಿದ್ದರಿಂದ ಪ್ಯಾರಾಚೂಟ್ ಬಿಚ್ಚದೆ ಪೈಲಟ್ ಸತ್ತ. ಆ ತನಿಖೆಯ ವರದಿಯನ್ನು ಯಾರು ಬೇಕಾದರೂ ಓದಬಹುದು. ಬೀದರಿನಲ್ಲಿ 2008ರಿಂದ ತರಬೇತಿಗಿರುವುದು ಹಾಕ್ ವಿಮಾನವೇ. 2019ರ ಫೆಬ್ರವರಿ 19ರಂದು ಯಲಹಂಕದಲ್ಲಿ ಸೂರ್ಯಕಿರಣದ ಎರಡು ಹಾಕ್‌ಗಳು ಡಿಕ್ಕಿಯಾಗಿ ಪೈಲಟ್ ಒಬ್ಬರು ತೀರಿಕೊಂಡ ಪ್ರಕರಣದ ಪೂರ್ಣ ವರದಿ ಬೆಂಗಳೂರಿನ ಓದುಗರಿಗೆ ಸಿಕ್ಕಿಲ್ಲ.

ಬಹಿರಂಗ ತನಿಖೆ ಸೇನೆಯವರ ಜಾಯಮಾನಕ್ಕೆ ಒಗ್ಗದೆಂಬ ಮಾತೂ ನಿಲ್ಲದು. 158 ಜೀವಗಳನ್ನು ಬಲಿತೆಗೆದುಕೊಂಡ 2010ರ ಮಂಗಳೂರು ದುರಂತದ ವಿಚಾರಣೆ ನಡೆಸಿದವರು ವಾಯುಪಡೆಯ ನಿವೃತ್ತ ಉಪಮುಖ್ಯಸ್ಥ ಏರ್ ಮಾರ್ಷಲ್ ಭೂಷಣ್ ಗೋಖಲೆ. ಆ ವರದಿ ಪ್ರಕಟವಾಯಿತು. ಮಡಿದ ಕ್ಯಾಪ್ಟನ್ನಿನ ನಿರ್ಧಾರಗಳನ್ನೂ ಅದು ಬಿಡಿಸಿ ಹೇಳಿತು.

ಬಗೆಹರಿಯದೆ ಉಳಿದ ಪ್ರಶ್ನೆ ತರಬೇತಿಗೇ ವಿಶಿಷ್ಟವಾದದ್ದು: ಕೊನೆಯ ಗಳಿಗೆಯಲ್ಲಿ ಕಂಟ್ರೋಲ್ ಯಾರ ಕೈಯಲ್ಲಿತ್ತು? ಜೋಡಿ ಕಂಟ್ರೋಲ್‌ಗಳ ಕಾಕ್‌ಪಿಟ್‌ನಲ್ಲಿ ಒಬ್ಬರು ಬಾಯಿಬಿಟ್ಟು ಹೇಳಿ ಕೊಡಬೇಕು, ಇನ್ನೊಬ್ಬರು ಹೇಳಿ ತೆಗೆದುಕೊಳ್ಳಬೇಕು. ಆಪತ್ತಿನಲ್ಲಿ ಆ ಮಾತಿಗೆ ಸಮಯವಿರದು. ಉಪಕರಣಗಳು ಸ್ಟಿಕ್ ಎತ್ತ ಸರಿಯಿತೆಂದು ದಾಖಲಿಸಬಲ್ಲವು, ಸರಿಸಿದ ಕೈ ಯಾರದೆಂದು ಹೇಳಲಾರವು. ಶಿಕ್ಷಾರ್ಥಿ ಮಾತ್ರ ಬದುಕಿದರೆ ಅವನ ಹೇಳಿಕೆ ಸತ್ತ ಗುರುವಿನ ಮೇಲೆ ತೀರ್ಪಾಗುತ್ತದೆ. ಶಿಕ್ಷಕ ಮಾತ್ರ ಉಳಿದರೆ, ಇಪ್ಪತ್ತೆರಡರ ಹುಡುಗನ ಹೆಸರು ಎದುರು ಮಾತಿಲ್ಲದೆ ಕಡತ ಸೇರುತ್ತದೆ. ಅಮೆರಿಕದ ಪದ್ಧತಿಯಲ್ಲಿ ಎರಡನೆಯ ಮಂಡಳಿಯ ಅಧ್ಯಕ್ಷರು ಮೃತರ ಮನೆಯವರಿಗೆ ವರದಿಯನ್ನು ವಿವರಿಸುತ್ತಾರೆ. ಅಲ್ಲಿಯೂ ರಕ್ಷಿತ ಹೇಳಿಕೆಯಲ್ಲಷ್ಟೇ ಇರುವ ವಿಷಯ ಅವರನ್ನು ಮುಟ್ಟುವುದಿಲ್ಲ. ಆ ಹೇಳಿಕೆಯನ್ನು ತೆರೆದರೆ ಮುಂದಿನ ಶಿಕ್ಷಾರ್ಥಿ ಸತ್ಯ ಹೇಳಲು ಹಿಂಜರಿಯುತ್ತಾನೆ. ಮುಚ್ಚಿಟ್ಟರೆ ಮಗನ ಮೇಲೆ ಬಂದ ಮಾತು ಏನೆಂಬುದೇ ತಂದೆತಾಯಿಗೆ ತಿಳಿಯುವುದಿಲ್ಲ. ಸಂಗತಿ ಮತ್ತು ಹೇಳಿಕೆ ಬೇರೆಬೇರೆ ಕಡತಗಳಿಗೆ ಹೋದ ಮೇಲೂ ಈ ತೊಡಕು ಉಳಿಯುತ್ತದೆ. ಕಾನೂನಿನವರೂ ಹಾರಾಟದವರೂ ಕೂಡಿ ಇದಕ್ಕೆ ಇನ್ನೂ ಉತ್ತರ ಕಂಡುಕೊಂಡಿಲ್ಲ.